ಅಂತೆ, ಕಂತೆ ಮತ್ತು ಒಂದು ಪ್ರಶ್ನಾರ್ಥಕ ಚಿಹ್ನೆ

ಟಿವಿ ಪರದೆಯ ಕೆಳಗೆ ಕೆಂಪು ಪಟ್ಟಿ: "ಪಡಿತರ ಅಕ್ಕಿಯಲ್ಲಿ ಪ್ಲಾಸ್ಟಿಕ್?" ಕೊನೆಯಲ್ಲೊಂದು ಪ್ರಶ್ನಾರ್ಥಕ ಚಿಹ್ನೆ. ಆ ಚಿಹ್ನೆ ಇರುವುದರಿಂದ ಚಾನೆಲ್ಲು ಏನನ್ನೂ ಹೇಳಿದ ಹಾಗಾಗಲಿಲ್ಲ. ನೋಡಿದವರು ಮಾತ್ರ ಪಕ್ಕದ ಮನೆಗೆ ಹೋಗಿ "ರೇಷನ್ ಅಕ್ಕೀಲಿ ಪ್ಲಾಸ್ಟಿಕ್ ಬರ್ತಿದ್ಯಂತೆ" ಅನ್ನುತ್ತಾರೆ. ಚಿಹ್ನೆ ಹೋಯಿತು, "ಅಂತೆ" ಬಂತು. ಮೂರನೇ ಮನೆ ಮುಟ್ಟುವ ಹೊತ್ತಿಗೆ "ಅಂತೆ"ಯೂ ಉದುರಿ "ಬರ್ತಿದೆ" ಅನ್ನುವುದಷ್ಟೇ ಉಳಿದಿರುತ್ತದೆ.

ಅಧಿಕೃತವಾಗಿ ಹೇಳಿದ್ದೆಲ್ಲವನ್ನೂ ಅನುಮಾನದಿಂದ ನೋಡುವ, "ಅವರು ಮುಚ್ಚಿಟ್ಟಿದ್ದನ್ನು ನಾವು ಬಿಚ್ಚಿಡ್ತೀವಿ" ಎನ್ನುವ ಸುದ್ದಿ ವಿಶ್ಲೇಷಣೆಯ ಶೋಗಳು ಟಿವಿಯಲ್ಲೂ ಯೂಟ್ಯೂಬಿನಲ್ಲೂ ಈಗ ಬೇಕಾದಷ್ಟಿವೆ. ಇವು ನೋಡುಗರನ್ನು ಎಲ್ಲೆಲ್ಲೂ ಷಡ್ಯಂತ್ರ ಕಾಣುವವರನ್ನಾಗಿ ಮಾಡುತ್ತವೆಯೇ ಎಂಬ ಚರ್ಚೆ ಹೊಸದೇನಲ್ಲ. ನನ್ನ ಮಟ್ಟಿಗೆ ಅನುಮಾನಪಡುವುದು ತಪ್ಪಲ್ಲ. ಪ್ರಶ್ನೆಯ ಮೂಟೆ ಎತ್ತಿ ಜನರ ತಲೆ ಮೇಲಿಟ್ಟು, ಇಳಿಸದೆ ಜಾಹೀರಾತಿಗೆ ಹೋಗುವುದು ತಪ್ಪು. ಶೋ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯುವುದಕ್ಕೆ ಈ ಎತ್ತುವ-ಇಳಿಸುವ ಲೆಕ್ಕ ಸಾಕು.

ಮೊದಲು ಅಕ್ಕಿಯನ್ನೇ ತೆಗೆದುಕೊಳ್ಳೋಣ. ಈಚಿನ ವರ್ಷಗಳಲ್ಲಿ ಪಡಿತರದಲ್ಲಿ ಹಂಚಿದ್ದು ಸಾರವರ್ಧಿತ ಅಕ್ಕಿ, ಅಂದರೆ ಪೋಷಕಾಂಶ ಸೇರಿಸಿದ್ದು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಸೇರಿಸಿ ಕಲಸಿ, ಶಾವಿಗೆ ಒತ್ತುವ ಹಾಗೆ ಯಂತ್ರದಲ್ಲಿ ಒತ್ತಿ, ಅಕ್ಕಿಕಾಳಿನ ಆಕಾರಕ್ಕೆ ಕತ್ತರಿಸಿ ಒಣಗಿಸುತ್ತಾರೆ. ಆ ಕಾಳನ್ನು ಮಾಮೂಲಿ ಅಕ್ಕಿಗೆ ನೂರಕ್ಕೆ ಒಂದರ ಲೆಕ್ಕದಲ್ಲಿ ಬೆರೆಸುತ್ತಾರೆ. ಅಂದರೆ 50 ಕೆಜಿ ಮೂಟೆಯಲ್ಲಿ ಅರ್ಧ ಕೆಜಿ. ಒತ್ತಿ ಮಾಡಿದ್ದರಿಂದ ಬಣ್ಣ ಸ್ವಲ್ಪ ಬೇರೆ, ನುಣುಪು ಬೇರೆ. ತೊಳೆಯುವಾಗ ಕೆಲವು ಕಾಳು ತೇಲುವುದೂ ಉಂಟು. ಮೊರದಲ್ಲಿ ಅಕ್ಕಿ ಕೇರುವವರ ಕಣ್ಣಿಗೆ ಅದು ತಕ್ಷಣ ಬೀಳುತ್ತದೆ. "ಇದೇನೋ ಬೇರೆ ಕಾಳು" ಎಂಬ ಅವರ ಅನುಮಾನ ನೂರಕ್ಕೆ ನೂರು ಸರಿ, ಅದು ಬೇರೆಯ ಕಾಳೇ. ಅಲ್ಲಿಂದ ಮುಂದೆ ದಾರಿ ಹೇಳಿಕೊಡಬೇಕಾದದ್ದು ವರದಿಗಾರ.

ಅದರ ಬದಲು ಪರದೆಯ ಮೇಲೆ ಏನಾಗುತ್ತದೆ? ಬೆಂದ ಅನ್ನ ಉಂಡೆ ಕಟ್ಟಿ ನೆಲಕ್ಕೆ ಎಸೆಯುತ್ತಾರೆ, ಪುಟಿಯುತ್ತದೆ. ಬಿಗಿಯಾಗಿ ಒತ್ತಿದರೆ ಯಾವ ಅನ್ನದ ಉಂಡೆಯೂ ಪುಟಿಯುತ್ತದೆ, ಪಿಷ್ಟದ ಗುಣವೇ ಅದು. ಕಾಳಿಗೆ ಬೆಂಕಿ ಹಚ್ಚುತ್ತಾರೆ, ಕಪ್ಪಾಗುತ್ತದೆ. ಕಪ್ಪಾಗಿ ಕರಿಕಲಾಗುವುದು ಅಕ್ಕಿ; ಪ್ಲಾಸ್ಟಿಕ್ಕಾದರೆ ಕರಗಿ ತೊಟ್ಟಿಕ್ಕಬೇಕಿತ್ತು. ಈ ಪರೀಕ್ಷೆಗಳಲ್ಲಿ ಇಲ್ಲದಿರುವ ಮುಖ್ಯ ವಸ್ತು ಎರಡನೇ ತಟ್ಟೆ. ಅಂಗಡಿಯಿಂದ ತಂದ, ಯಾರಿಗೂ ಅನುಮಾನವಿಲ್ಲದ ಸೋನಾಮಸೂರಿಗೂ ಪಕ್ಕದಲ್ಲೇ ಅದೇ ಪರೀಕ್ಷೆ ಮಾಡಿ ತೋರಿಸಿದ್ದರೆ ಕಾರ್ಯಕ್ರಮ ಎರಡೇ ನಿಮಿಷಕ್ಕೆ ಮುಗಿಯುತ್ತಿತ್ತು.

ನಿಜವಾಗಿ ನೋಡಬೇಕೆಂದರೆ ಹೀಗೆ: ಅನುಮಾನದ ಕಾಳು ಹತ್ತು, ಅಂಗಡಿ ಅಕ್ಕಿ ಹತ್ತು, ಬೇರೆ ಬೇರೆ ಕುಟ್ಟಿ ಪುಡಿಮಾಡಿ. ಎರಡು ಲೋಟದಲ್ಲಿ ಬಿಸಿನೀರು ಹಾಕಿ ಕಲಕಿ. ಪೂರ್ತಿ ಆರಿದ ಮೇಲೆ ಮೆಡಿಕಲ್ ಶಾಪ್‌ನ ಟಿಂಕ್ಚರ್ ಅಯೋಡಿನ್ ಎರಡು ಹನಿ ಬಿಡಿ. ಪಿಷ್ಟವಿದ್ದರೆ ಕಡುನೀಲಿ ಬಣ್ಣ ಬರುತ್ತದೆ. ಎಡವುವುದು ಒಂದೇ ಕಡೆ: ನೀರು ಬಿಸಿಯಿದ್ದಾಗಲೇ ಹನಿ ಬಿಟ್ಟರೆ ನೀಲಿ ನಿಲ್ಲುವುದಿಲ್ಲ. "ನೋಡಿ, ಬಣ್ಣವೇ ಬರಲಿಲ್ಲ, ಇದು ಪ್ಲಾಸ್ಟಿಕ್ಕೇ" ಎಂಬ ಹೊಸ ವಿಡಿಯೊ ಹುಟ್ಟಲು ಅಷ್ಟು ಸಾಕು. ಎರಡನೇ ಲೋಟ ಇದ್ದರೆ ಆ ತಪ್ಪೂ ಅಲ್ಲೇ ಸಿಕ್ಕಿಬೀಳುತ್ತದೆ, ಅಂಗಡಿ ಅಕ್ಕಿಗೂ ಬಣ್ಣ ಬಂದಿರುವುದಿಲ್ಲವಲ್ಲ. (ಪರೀಕ್ಷೆ ಮಾಡಿದ ನೀರನ್ನು ಚೆಲ್ಲಿ, ಅನ್ನಕ್ಕೆ ಬಳಸಬೇಡಿ.)

"ನಾವು ಬರೀ ಪ್ರಶ್ನೆ ಕೇಳಿದ್ವಿ" ಎನ್ನುವ ಸಮಜಾಯಿಷಿಗೆ ಬರೋಣ. 1981ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಇದನ್ನೇ ಪರೀಕ್ಷಿಸಿದರು. ಚುನಾವಣೆಗೆ ನಿಂತವರೆಂದು ಹೇಳಲಾದ ಕೆಲವರ ಬಗ್ಗೆ ನಾಲ್ಕು ಬಗೆಯ ತಲೆಬರಹ ಕೊಟ್ಟರು: ನೇರ ಆರೋಪ, ಅದೇ ಆರೋಪ ಪ್ರಶ್ನೆಯ ರೂಪದಲ್ಲಿ, ಅದೇ ಆರೋಪದ ನಿರಾಕರಣೆ, ಮತ್ತೆ ಊರಿಗೆ ಬಂದರು-ಹೋದರು ಎಂಬಂಥ ಸಪ್ಪೆ ಸುದ್ದಿ. ಪ್ರಶ್ನೆಯ ರೂಪದ್ದು ನೇರ ಆರೋಪದ ಹತ್ತಿರ ಹತ್ತಿರವೇ ಹೆಸರು ಕೆಡಿಸಿತು. "ಅವರಿಗೂ ಆ ಹಗರಣಕ್ಕೂ ಸಂಬಂಧವಿಲ್ಲ" ಎಂಬ ನಿರಾಕರಣೆ ಕೂಡ ಸಪ್ಪೆ ಸುದ್ದಿಗಿಂತ ಹೆಚ್ಚು ಮಸಿ ಬಳಿಯಿತು. ಇನ್ನು ಪ್ರಶ್ನೆಯನ್ನು ಪಟ್ಟಿಯಲ್ಲಿ ಹತ್ತಾರು ಸಲ ಓಡಿಸಿದರೆ ಏನಾಗುತ್ತದೆ ಎಂಬುದಕ್ಕೆ 1977ರ ಹ್ಯಾಷರ್, ಗೋಲ್ಡ್‌ಸ್ಟೀನ್, ಟಾಪಿನೊ ಅವರ ಪ್ರಯೋಗವಿದೆ. ಎರಡೆರಡು ವಾರದ ಅಂತರದಲ್ಲಿ ಮೂರು ಸಲ ಕೂರಿಸಿ, ಪ್ರತಿ ಸಲ 60 ಹೇಳಿಕೆ ಕೊಟ್ಟು, ಅದರಲ್ಲಿ 20ನ್ನು ಮಾತ್ರ ಮತ್ತೆ ಮತ್ತೆ ತಂದರು. ಮರಳಿ ಬಂದ ಹೇಳಿಕೆಗಳೇ ಸಲದಿಂದ ಸಲಕ್ಕೆ ಹೆಚ್ಚು ನಿಜವೆನಿಸಿದವು, ನಿಜವೋ ಸುಳ್ಳೋ ಎಂಬ ಭೇದವಿಲ್ಲದೆ.

ಕನ್ನಡದಲ್ಲಿ ಈ ಕೆಲಸಕ್ಕೆ ಇಡೀ ವಾಕ್ಯ ಬೇಡ, ಒಂದು ಪ್ರತ್ಯಯ ಸಾಕು. "ದುಡ್ಡು ತಗೊಂಡ" ಎಂದರೆ ಹೇಳಿದವನು ಜವಾಬ್ದಾರ. "ತಗೊಂಡನಂತೆ" ಎಂದರೆ ಜವಾಬ್ದಾರಿ ಬೇರೆಯವನದು. "ತಗೊಂಡನಾ?" ಎಂದರೆ ಯಾರದೂ ಅಲ್ಲ. "ತಗೊಂಡನೋ ಏನೋ" ಎಂದರೆ ಕೇಳಿದವನ ಊಹೆಗೇ ಬಿಟ್ಟದ್ದು. ನಿಜ ಹೇಳಬೇಕೆಂದರೆ "ಅಂತೆ" ಪ್ರಾಮಾಣಿಕ ಪದ. ನಾನು ಕಂಡಿಲ್ಲ, ಕೇಳಿದ್ದು ಎಂದು ಅದು ಒಪ್ಪಿಕೊಳ್ಳುತ್ತದೆ, ಯಾರಂದ್ರು ಎಂದು ಮರುಪ್ರಶ್ನೆ ಹಾಕಲು ಜಾಗ ಕೊಡುತ್ತದೆ. ಅದಕ್ಕೇ ಕೋಟು ತೊಡಿಸಿ ಸ್ಟುಡಿಯೊಗೆ ಕರೆತಂದರೆ "ಎನ್ನಲಾಗಿದೆ" ಆಗುತ್ತದೆ, ಆಗ ಯಾರಂದ್ರು ಎಂದು ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ. "ಮೂಲಗಳ ಪ್ರಕಾರ", "ಹೇಳಲಾಗುತ್ತಿದೆ", "ಕಾಣದ ಕೈಗಳ ಕೈವಾಡ" ಎಲ್ಲವೂ ಅದೇ ಬಳಗ. ಕಾಣದ ಕೈಯಲ್ಲಿ ಒಂದು ಅನುಕೂಲವಿದೆ: ಮಾನನಷ್ಟ ಮೊಕದ್ದಮೆ ಹೂಡಲು ಅದು ಬರುವುದಿಲ್ಲ.

ಹಾಗಾದರೆ ಸಂಶಯದ ಶೋ ನೋಡುವವರೆಲ್ಲ ಷಡ್ಯಂತ್ರವಾದಿಗಳಾಗುತ್ತಾರಾ? ಅಷ್ಟು ಸರಳವಿಲ್ಲ. ಸರ್ಕಾರ-ಮಾಧ್ಯಮ ಎರಡರ ಮೇಲೂ ನಂಬಿಕೆ ಕಳೆದುಕೊಂಡವರೇ ಇಂಥ ಶೋ ಹುಡುಕಿಕೊಂಡು ಹೋಗುತ್ತಾರೆ, ಆದ್ದರಿಂದ ನೋಡುಗರಲ್ಲಿ ಅಪನಂಬಿಕೆ ಹೆಚ್ಚು ಕಂಡರೆ ಅದು ಶೋ ಬಿತ್ತಿದ್ದೋ ಮೊದಲೇ ಇದ್ದದ್ದೋ ಎಂದು ಬಿಡಿಸುವುದು ಕಷ್ಟ. ಈ ತೊಡಕನ್ನು ತಪ್ಪಿಸಲು ಯಾರು ನೋಡಬೇಕೆಂಬುದನ್ನು ಅವರಿಗೇ ಬಿಡದೆ, ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ತೋರಿಸಬೇಕು. 2004ರ ಅಮೆರಿಕ ಚುನಾವಣೆಯ ಹೊತ್ತಿನಲ್ಲಿ ಬೌಮ್‌ಗಾರ್ಟ್‌ನರ್ ಮತ್ತು ಮಾರಿಸ್ ಕಾಲೇಜು ಹುಡುಗರಿಗೆ ಸುದ್ದಿ ಗೇಲಿ ಮಾಡುವ "ದಿ ಡೇಲಿ ಶೋ"ದ ತುಣುಕು ತೋರಿಸಿ, 2006ರಲ್ಲಿ ಪ್ರಕಟಿಸಿದ ಫಲಿತಾಂಶ ಸ್ವಾರಸ್ಯವಾಗಿದೆ. ಚುನಾವಣಾ ವ್ಯವಸ್ಥೆ, ಸುದ್ದಿ ಮಾಧ್ಯಮ ಎರಡರ ಬಗ್ಗೆಯೂ ಸಿನಿಕತನ ಹೆಚ್ಚಿತು; ಜೊತೆಗೇ "ನನಗೆ ರಾಜಕೀಯ ಚೆನ್ನಾಗಿ ಅರ್ಥವಾಗುತ್ತೆ" ಎಂಬ ವಿಶ್ವಾಸವೂ ಹೆಚ್ಚಿತು. ಯಾರನ್ನೂ ನಂಬಬಾರದು, ನನಗೆ ಎಲ್ಲ ಗೊತ್ತು: ಇವೆರಡೂ ಕೂಡಿದ ನೆಲದಲ್ಲಿ ಷಡ್ಯಂತ್ರದ ಬೀಜಕ್ಕೆ ಗೊಬ್ಬರ ಬೇಡ. ಆದರೂ ಒಂದು ಪ್ರಯೋಗದ ಪರಿಣಾಮವನ್ನು ಜೀವನಪೂರ್ತಿಗೆ ಎಳೆಯುವುದು ಸರಿಯಲ್ಲ.

ಇನ್ನೊಂದು ಸೂಕ್ಷ್ಮವಿದೆ, ಹೆಚ್ಚಿನ ಚರ್ಚೆಗಳು ಎಡವುವುದು ಇಲ್ಲೇ. ಮೊರದ ಕೆಲಸ ಕಲ್ಲನ್ನೂ ಅಕ್ಕಿಯನ್ನೂ ಬೇರೆ ಮಾಡುವುದು. ಕಲ್ಲು ಸಿಕ್ಕಿತೆಂದು ಇಡೀ ಮೊರವನ್ನೇ ತಿಪ್ಪೆಗೆ ಸುರಿದರೂ ಕಲ್ಲೇನೋ ಹೋಗುತ್ತದೆ, ಆದರೆ ಅದು ಕೇರುವುದಲ್ಲ. ಸುಳ್ಳು ಸುದ್ದಿ ಗುರುತಿಸಲು ಕಲಿಸುವ ಆನ್‌ಲೈನ್ ಆಟಗಳ ಹಳೆಯ ಅಂಕಿಅಂಶವನ್ನು 2023ರಲ್ಲಿ ಮೊದಿರ್ರೂಸ್ತಾ-ಗಲಿಯಾನ್ ಮತ್ತು ಹೈಯಮ್ ಮತ್ತೆ ಲೆಕ್ಕ ಹಾಕಿದರು. ಆಟವಾಡಿದವರಲ್ಲಿ ನಿಜ-ಸುಳ್ಳು ಬಿಡಿಸುವ ಜಾಣ್ಮೆ ಬೆಳೆದಿರಲಿಲ್ಲ; ನಿಜವೋ ಸುಳ್ಳೋ, ಎದುರಿಗೆ ಬಂದದ್ದಕ್ಕೆಲ್ಲ "ಸುಳ್ಳು" ಎನ್ನುವ ಒಲವಷ್ಟೇ ಬೆಳೆದಿತ್ತು. ಒಳ್ಳೆಯ ಉದ್ದೇಶದ ತರಬೇತಿಯ ಗತಿಯೇ ಇದಾದರೆ ಟಿಆರ್‌ಪಿ ಹಿಂದೆ ಬಿದ್ದ ಶೋಗಳದ್ದು ಬೇರೆಯಾಗಲು ಕಾರಣ ಕಾಣುವುದಿಲ್ಲ. ಶೋ ಯಾವುದನ್ನು ಅನುಮಾನಿಸಲು ಕಲಿಸಿತು ಎಂದಷ್ಟೇ ಕೇಳಬೇಡಿ, ಯಾವುದನ್ನು ನಂಬಲು ಕಲಿಸಿತು ಎಂದೂ ಕೇಳಿ.

ಬೆಂಗಳೂರಿನವರಿಗೆ 2020ರ ಮೇ 20ರ ಮಧ್ಯಾಹ್ನ ನೆನಪಿರಬಹುದು. 1.20ರ ಸುಮಾರಿಗೆ ಭಾರಿ ಸದ್ದು. ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಕಿಟಕಿ ಬಾಗಿಲು ಗಡಗಡ ಎಂದವು. ಲಾಕ್‌ಡೌನ್ ಕಾಲ, ದೇಶದೊಳಗಿನ ಪ್ರಯಾಣಿಕ ವಿಮಾನಗಳೇ ಮತ್ತೆ ಹಾರಲು ಇನ್ನೂ ಐದು ದಿನವಿತ್ತು. ಅದೇ ದಿನ ಬಂಗಾಳದ ಕಡಲತೀರಕ್ಕೆ ಅಂಫಾನ್ ಚಂಡಮಾರುತ ಅಪ್ಪಳಿಸಿತ್ತು. ಭೂಕಂಪ, ಸ್ಫೋಟ, ಅನ್ಯಗ್ರಹದವರು, ಅಂಫಾನ್‌ನ ಅಡ್ಡಪರಿಣಾಮ, ಎಲ್ಲ ಹರಿದಾಡಿದವು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಭೂಕಂಪದ ದಾಖಲೆಯಿಲ್ಲ ಎಂದಿತು. ಸಂಜೆಗೆ ರಕ್ಷಣಾ ಇಲಾಖೆಯ ವಿವರಣೆ ಬಂತು: ವಾಯುಪಡೆಯ ಪರೀಕ್ಷಾ ಹಾರಾಟ, ನಗರದಿಂದ ದೂರದಲ್ಲಿ 36,000ದಿಂದ 40,000 ಅಡಿ ಎತ್ತರದಲ್ಲಿ ವಿಮಾನದ ವೇಗ ಶಬ್ದದ ವೇಗಕ್ಕಿಂತ ಹೆಚ್ಚಿದ್ದದ್ದು ಅದಕ್ಕಿಂತ ಕಡಿಮೆಗೆ ಇಳಿಯುವಾಗ ಬಹುಶಃ ಈ ಸದ್ದಾಗಿದೆ, 65ರಿಂದ 80 ಕಿಲೋಮೀಟರ್ ದೂರದಲ್ಲಿದ್ದವರಿಗೂ ಇದು ಕೇಳಿಸಬಹುದು.

ಮಧ್ಯಾಹ್ನದಿಂದ ಸಂಜೆವರೆಗಿನ ಆ ಖಾಲಿ ಹೊತ್ತೇ ಸಂಶಯದ ಶೋಗಳಿಗೆ ನಿಜವಾದ ಪರೀಕ್ಷೆ. ಎರಡು ಗಂಟೆಗೇ ಹೇಳಬಹುದಾದ ಮಾತು ಸಾಕಷ್ಟಿತ್ತು. ಕಿಟಕಿ ಅದುರಿ ನೆಲ ಅದುರದಿದ್ದರೆ ಅಲೆ ಬಂದದ್ದು ಗಾಳಿಯಲ್ಲಿ. ಒಂದೇ ಜಾಗದ ಸ್ಫೋಟವಾದರೆ ಹತ್ತಿರದವರಿಗೆ ಕಿವಿ ಗವ್ವೆಂದು ದೂರದವರಿಗೆ ಕ್ಷೀಣವಾಗಬೇಕು, ಹೊಗೆ ಕಾಣಬೇಕು, ಅಗ್ನಿಶಾಮಕಕ್ಕೆ ಕರೆ ಹೋಗಬೇಕು. ಊರಿನ ಎರಡು ತುದಿಯಲ್ಲೂ ಹೆಚ್ಚು ಕಡಿಮೆ ಒಂದೇ ಬಗೆಯಲ್ಲಿ ಕೇಳಿಸಿದೆ ಎಂದರೆ ಮೂಲ ಬಹಳ ಎತ್ತರದಲ್ಲಿರಬೇಕು. ಯುದ್ಧ ವಿಮಾನ ಪರೀಕ್ಷಿಸುವ ಸಂಸ್ಥೆ ಊರಲ್ಲೇ ಇದೆ. ಇಷ್ಟನ್ನು ಹೇಳಿ "ಖಚಿತವಾಗಲು ವಾಯುಪಡೆಯ ಹಾರಾಟದ ದಾಖಲೆ ಬೇಕು, ಕೇಳಿದ್ದೇವೆ" ಎಂದು ನಿಲ್ಲಿಸಿದರೆ ಅದೂ ಪ್ರಶ್ನೆ ಎತ್ತಿದ ಹಾಗೇ, ಆದರೆ ಹೊರೆಯನ್ನು ಎಲ್ಲಿ ಇಳಿಸಬೇಕೆಂದೂ ತೋರಿಸಿದ ಹಾಗೆ. "ಏನಿದು ನಿಗೂಢ ಶಬ್ದ? ಸರ್ಕಾರ ಮುಚ್ಚಿಡ್ತಿರೋದೇನು?" ಎಂದರೆ ಸಂಜೆ ಬಂದ ವಿವರಣೆಯೂ ಮುಚ್ಚಿಡುವ ಆಟದ ಭಾಗವೇ ಆಗಿಬಿಡುತ್ತದೆ.

ಸಂಚು ಎಂಬುದೇ ಇಲ್ಲ ಎನ್ನುವವರ ಸಾಲಿನಲ್ಲಿ ನಾನಿಲ್ಲ. ಬಳ್ಳಾರಿಯ ಗಣಿ ಅಕ್ರಮ ನಡೆದೇ ಇತ್ತು, ಅಧಿಕಾರಸ್ಥರ ಕೈವಾಡವೂ ಇತ್ತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂದ ದಿನಗಳಲ್ಲೇ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಆ ವರದಿಯ ಬಲ ಇದ್ದದ್ದು ಕಾಣದ ಕೈಯಲ್ಲಲ್ಲ, ಕಳೆಯುವ ಲೆಕ್ಕದಲ್ಲಿ: ಬಂದರುಗಳಿಂದ ಹೊರಹೋದ ಅದಿರು ಎಷ್ಟು, ಪರ್ಮಿಟ್ ಪಡೆದು ಹೋದದ್ದು ಎಷ್ಟು, ನಡುವಿನ ಅಂತರ ಎಷ್ಟು. ನಿಜವಾದ ಪಿತೂರಿ ಕಾಗದ ಬಿಟ್ಟುಹೋಗುತ್ತದೆ, ಯಾಕೆಂದರೆ ಲಾರಿ ಓಡಬೇಕು, ಹಣ ಹಂಚಬೇಕು.

ಇನ್ನೊಂದು ತುದಿಯಲ್ಲಿ 1994ರ ಇಸ್ರೊ ಬೇಹುಗಾರಿಕೆ ಪ್ರಕರಣ. ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು ಆ ವರ್ಷದ ನವೆಂಬರ್ 30ರಂದು ಬಂಧಿಸಿದರು. ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ರೋಚಕ ಕಂತುಗಳು. ಮಾರಿದರೆನ್ನಲಾದದ್ದು ಕ್ರಯೋಜೆನಿಕ್ ಎಂಜಿನ್, ಅಂದರೆ ಅತಿ ಶೀತಲ ಇಂಧನದ ರಾಕೆಟ್ ಎಂಜಿನ್, ತಂತ್ರಜ್ಞಾನ. ಅಸಲಿಗೆ ಆಗ ಅದು ನಮ್ಮ ಬಳಿ ಇರಲೇ ಇಲ್ಲ. ರಷ್ಯಾ 1993ರಲ್ಲಿ ತಂತ್ರಜ್ಞಾನ ಕೊಡುವುದರಿಂದ ಹಿಂದೆ ಸರಿದಿತ್ತು. ನಮ್ಮದೇ ಕ್ರಯೋಜೆನಿಕ್ ಎಂಜಿನ್‌ನಿಂದ ಜಿಎಸ್‌ಎಲ್‌ವಿ ರಾಕೆಟ್ ಯಶಸ್ವಿಯಾಗಿ ಹಾರಿದ್ದು 2014ರ ಜನವರಿ 5ರಂದು. "ಇಲ್ಲದ್ದನ್ನು ಮಾರುವುದು ಹೇಗೆ?" ಎಂಬ ಒಂದು ಪ್ರಶ್ನೆ ಸಾಕಿತ್ತು. ಸಿಬಿಐ 1996ರಲ್ಲೇ ಹುರುಳಿಲ್ಲ ಎಂದಿತು. ಸುಪ್ರೀಂ ಕೋರ್ಟ್ 50 ಲಕ್ಷ ರೂಪಾಯಿ ಪರಿಹಾರ ಕೊಡಿಸುವ ಹೊತ್ತಿಗೆ 2018ರ ಸೆಪ್ಟೆಂಬರ್ ಆಗಿತ್ತು. ಎತ್ತಿದ ಹೊರೆ ಇಳಿಯಲು ಸುಮಾರು 24 ವರ್ಷ.

ಬಸವನಗುಡಿಯ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದರಲ್ಲ, ಅದರ ಹೆಸರಲ್ಲೇ "ಪರೀಕ್ಷಿಸಿ ನೋಡಬಹುದಾದ" ಎಂಬ ಅರ್ಥದ ಪದವಿತ್ತು. ಪರೀಕ್ಷೆಗೆ ಸಿಗದ ನಂಬಿಕೆಯ ತಂಟೆ ಸಮಿತಿಗೆ ಬೇಡವಾಗಿತ್ತು. ಸಂದೇಹಕ್ಕೆ ಇಂಥ ಬೇಲಿ ಇರಬೇಕು. ಇಂದಿನ ಎಷ್ಟು ಶೋಗಳು ತಮ್ಮ ಪ್ರಶ್ನೆಗೆ ಈ ಪದ ಸೇರಿಸಿಕೊಂಡಾವು?

ಇನ್ನೊಂದು ಆಧುನಿಕ ಕಾಯಿಲೆ ತುಣುಕಿನದು. ನಲವತ್ತು ನಿಮಿಷದ ಕಾರ್ಯಕ್ರಮದಲ್ಲಿ ಉತ್ತರ ಮೂವತ್ತೆಂಟನೇ ನಿಮಿಷಕ್ಕೆ ಬಂದರೂ ಶಾರ್ಟ್ಸ್ ಆಗಿ ಓಡಾಡುವುದು ಮೊದಲ ಮುಕ್ಕಾಲು ನಿಮಿಷ. ಕೊನೆ ಕತ್ತರಿಸಿದರೆ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದನ್ನು 2018 ತೋರಿಸಿತು. ಮಕ್ಕಳ ಕಳ್ಳರ ವದಂತಿ ದೇಶದ ತುಂಬ ಹಬ್ಬಿದ್ದಾಗ ವಾಟ್ಸಾಪ್‌ನಲ್ಲಿದ್ದ ಒಂದು ವಿಡಿಯೊ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆಂದು ತೆಗೆದ ಜಾಗೃತಿ ಚಿತ್ರ. ಬೈಕಿನವರು ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಫಲಕ ಹಿಡಿಯುವ ಕೊನೆಯ ದೃಶ್ಯವನ್ನು ಯಾರೋ ತೆಗೆದುಹಾಕಿದ್ದರು. ಆ ಮೇ 23ರಂದು ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂಬ ಅನುಮಾನದಿಂದ ಗುಂಪು ಹೊಡೆದು ಕೊಂದಿತು. ಫಾರ್ವರ್ಡ್‌ಗೆ ಐದರ ಮಿತಿ ಬಂದದ್ದು ಇಂಥ ಕೊಲೆಗಳಾದ ಮೇಲೆ, ಜುಲೈನಲ್ಲಿ.

ನೀವು ನೋಡುವ ಶೋ ಯಾವ ಜಾತಿಯದು ಎಂದು ತಿಳಿಯಲು ಒಂದು ನೋಟ್‌ಬುಕ್, ಹತ್ತು ಕಂತು ಸಾಕು. ಪುಟಕ್ಕೆ ನಾಲ್ಕು ಕಂಬ (ಕಾಲಂ) ಎಳೆಯಿರಿ. ಮೊದಲನೆಯದರಲ್ಲಿ ಎತ್ತಿದ ಪ್ರಶ್ನೆ, ಅವರದೇ ಮಾತಿನಲ್ಲಿ, ನಿಮಿಷ-ಸೆಕೆಂಡಿನ ಸಮೇತ. ಎರಡನೆಯದರಲ್ಲಿ ಯಾರು ಹೇಳಿದ್ದು: ಹೆಸರು, ಹುದ್ದೆ, ದಾಖಲೆ ಇದ್ದರೆ ಬರೆಯಿರಿ, "ಮೂಲಗಳು" ಎಂದಿದ್ದರೆ ಸೊನ್ನೆ. ಮೂರನೆಯದರಲ್ಲಿ ಏನು ಸಿಕ್ಕರೆ ಈ ಅನುಮಾನ ತಪ್ಪೆಂದು ಒಪ್ಪುತ್ತೇವೆ ಎಂದು ಅವರು ಹೇಳಿದರೇ. ನಾಲ್ಕನೆಯದು ಇಳಿಸಿದ ದಿನಾಂಕ. ಕಂತು ಬಂದು 30 ದಿನವಾದರೂ ಉತ್ತರವೋ ತಿದ್ದುಪಡಿಯೋ ಬರದಿದ್ದರೆ ಖಾಲಿ ಬಿಡಿ. "ಹೀಗೆ ಬೆಲೆ ಏರಿದ್ರೆ ಬಡವ್ರು ಬದುಕೋದು ಹೇಗೆ?" ಎಂಬಂಥ ಮಾತು ಪ್ರಶ್ನೆಯಲ್ಲ, ನಿಟ್ಟುಸಿರು, ಸೇರಿಸಬೇಡಿ. ಒಂದೇ ಪ್ರಶ್ನೆ ಹದಿನೈದು ಸಲ ಓಡಿದರೆ ಒಂದು ಸಾಲು, ಪಕ್ಕದಲ್ಲಿ ಹದಿನೈದು ಎಂಬ ಸಂಖ್ಯೆ. ಯೂಟ್ಯೂಬಾದರೆ ತಿದ್ದುಪಡಿಯನ್ನು ವಿಡಿಯೊದ ಕೆಳಗಿನ ವಿವರಣೆಯಲ್ಲಿ ಸಣ್ಣಕ್ಷರದಲ್ಲಿ ಹುದುಗಿಸಿರುತ್ತಾರೆ, ಅಲ್ಲೂ ನೋಡಿ. ಎಲ್ಲಕ್ಕಿಂತ ದೊಡ್ಡ ತಪ್ಪು ನಿಮಗಾಗದ ನಿರೂಪಕರನ್ನು ಮಾತ್ರ ಎಣಿಸುವುದು. ನೀವು ಮೆಚ್ಚುವ ಶೋವನ್ನು ಮೊದಲು ಎಣಿಸಿ, ಕಷ್ಟವಾಗುತ್ತದೆ, ಅದಕ್ಕೇ.

ನಾಲ್ಕನೇ ಕಂಬ ಪೂರ್ತಿ ಖಾಲಿ ಉಳಿದರೆ ದೂರು ಕೊಡಬಹುದು. ಕೇಬಲ್ ಟೆಲಿವಿಷನ್ ನೆಟ್‌ವರ್ಕ್ ನಿಯಮಗಳು, 1994ರ 6ನೇ ನಿಯಮ, ಕಾರ್ಯಕ್ರಮ ಸಂಹಿತೆ. ಅದರ 6(1)(ಡಿ) ಸುಳ್ಳಿನ ಜೊತೆಗೆ ಸೂಚ್ಯವಾದ ಚುಚ್ಚುಮಾತು, ಅರ್ಧಸತ್ಯಗಳನ್ನೂ ಹೆಸರಿಸಿ ನಿಷೇಧಿಸುತ್ತದೆ. "ಬರೀ ಪ್ರಶ್ನೆ ಕೇಳಿದ್ವಿ" ಎನ್ನುವವರಿಗೆ ಎದುರಿಡಬೇಕಾದ ಕಲಂ ಇದು. "ನಿಮ್ಮ ಚಾನೆಲ್ ಬರೀ ಸುಳ್ಳು" ಎಂದು ಬರೆದರೆ ಕಸದ ಬುಟ್ಟಿಗೆ. ಕಾರ್ಯಕ್ರಮದ ಹೆಸರು, ದಿನಾಂಕ, ಹೊತ್ತು, ಆಡಿದ ಮಾತು ಅಕ್ಷರಶಃ, ಅದನ್ನು ತಪ್ಪೆಂದು ತೋರಿಸುವ ದಾಖಲೆ, ಇಷ್ಟನ್ನೂ ಒಂದೇ ಪುಟದಲ್ಲಿಡಿ. ಒಂದು ದೂರಿಗೆ ಒಂದೇ ಮಾತು. 2021ರ ಜೂನ್‌ನ ತಿದ್ದುಪಡಿಯಂತೆ ಚಾನೆಲ್ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, 15 ದಿನದೊಳಗೆ ತೀರ್ಮಾನ ತಿಳಿಸಬೇಕು. ಒಪ್ಪಿಗೆಯಾಗದಿದ್ದರೆ ಮುಂದಿನ 15 ದಿನದಲ್ಲಿ ಚಾನೆಲ್ಲುಗಳ ಸ್ವನಿಯಂತ್ರಣ ಮಂಡಳಿಗೆ, ಅದರ ಮೇಲೆ ಕೇಂದ್ರ ಸರ್ಕಾರಕ್ಕೆ. ಯೂಟ್ಯೂಬಿನಲ್ಲಷ್ಟೇ ಇರುವ ಶೋಗಳಿಗೆ ಈ ನಿಯಮ ತಾಗುವುದಿಲ್ಲ. ಚಾನೆಲ್ಲು ಯೂಟ್ಯೂಬಿಗೆ ಹಾಕಿದ ಪ್ರತಿಯಲ್ಲಿ ಕೆಂಪು ಪಟ್ಟಿ ಇಲ್ಲದಿರಬಹುದು, ವಿವಾದದ ಭಾಗವೇ ಹಾರಿಹೋಗಿರಬಹುದು, ಆದ್ದರಿಂದ ಪ್ರಸಾರದ್ದೇ ದಾಖಲೆ ಕೇಳಬೇಕು. ಅದನ್ನು 90 ದಿನ ಇಟ್ಟುಕೊಳ್ಳುವ ಬಾಧ್ಯತೆ ಚಾನೆಲ್ಲಿಗಿದೆ. ನಾಲ್ಕನೇ ಕಂಬಕ್ಕೆ 30 ದಿನದ ಗಡುವು ಹಾಕಿದ್ದು ಇದಕ್ಕೇ. ಅಷ್ಟು ಕಾದ ಮೇಲೂ ಕೈಯಲ್ಲಿ ಇನ್ನೂ 60 ದಿನ ಇರುತ್ತದೆ.